ಮಳೆ ಪುಸ್ತಕದ ಬಾಲ ಹಿಡಿದು: ನನ್ನ ಅನುಭವ

ಕೊಡಗಿನ ಕಾಫಿ ತೋಟಗಳಲ್ಲಿ ಮಳೆ ಲೆಕ್ಕ ಬರೆದಿಡುವುದು ಹಳೆಯ ಅಭ್ಯಾಸ. ಬೆಳಗ್ಗೆ ಮಳೆ ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಬಂದ ಅಂಕಿಯನ್ನು ಪುಸ್ತಕಕ್ಕೆ ಏರಿಸುತ್ತಾರೆ. ದೊಡ್ಡ ಎಸ್ಟೇಟ್‌ಗಳಲ್ಲಿ ಇದು ಲೆಕ್ಕ ಬರೆಯುವ ಗುಮಾಸ್ತ, ಅಂದರೆ ರೈಟರ್ ಕೆಲಸ. ಸಣ್ಣ ತೋಟಗಳಲ್ಲಿ ಮನೆಯ ಹಿರಿಯರದು. ಲೆಕ್ಕ ಇವತ್ತಿಗೂ ಇಂಚು, ಸೆಂಟಿನಲ್ಲೇ. ನೂರು ಸೆಂಟು ಸೇರಿದರೆ ಒಂದು ಇಂಚು. ಮಳೆಗಾಲದಲ್ಲಿ ಫೋನ್ ಎತ್ತಿದರೆ ಮೊದಲ ಮಾತು, "ನಿಮ್ಮಲ್ಲಿ ಎಷ್ಟು ಬಂತು?" ಉತ್ತರ, "ಎರಡು ಇಂಚು ನಲವತ್ತು."

ನಾನು ಭೌತಶಾಸ್ತ್ರ ಪಾಠ ಮಾಡುವವಳು. ಎಂ.ಎಸ್ಸಿ. ಓದುವಾಗ ನನಗೆ ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್ ಮೇಲೆ, ಅಂದರೆ ಅಸಂಖ್ಯ ಅಣುಗಳ ಒಟ್ಟು ನಡವಳಿಕೆಯನ್ನು ಸಾಧ್ಯತೆಯ ಲೆಕ್ಕದಿಂದ ಓದುವ ವಿದ್ಯೆಯ ಮೇಲೆ, ಬಹಳ ಪ್ರೀತಿ ಇತ್ತು. ಮದುವೆಯಾಗಿ ಮಡಿಕೇರಿ ಹತ್ತಿರದ ತೋಟದ ಮನೆಗೆ ಬಂದ ಮೇಲೆ ಮಾವನವರ ಮಳೆ ಪುಸ್ತಕಗಳು ಕಣ್ಣಿಗೆ ಬಿದ್ದವು. ಅವರ ತಂದೆ ಬರೆದಿಟ್ಟವೂ ಇದ್ದವು. ಆಗ ಅವನ್ನು ಸುಮ್ನೆ ತಿರುವಿ ಹಾಕಿ ಇಟ್ಟಿದ್ದೆ. 2018ರ ಆಗಸ್ಟ್ ಬಂತು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡಗಳು ಜಾರಿದವು. ಮರುವರ್ಷ ತೋರದಲ್ಲಿ, ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಅದೇ ಕಥೆ. ಊರಿನವರೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ. ಇನ್ನು ಪ್ರತಿ ವರ್ಷವೂ ಹೀಗೇನಾ? ನನ್ನ ಕೈಯಲ್ಲಿ ಹತ್ತಾರು ವರ್ಷಗಳ ಲೆಕ್ಕ ಇತ್ತು. ಆ ಲೆಕ್ಕವನ್ನು ಓದಲು ಬೇಕಾದ ವಿದ್ಯೆಯೂ ಇತ್ತು. ಹಾಗಾಗಿ ಕೆಲಸ ಶುರು ಮಾಡಿದೆ.

ಈ ವಿದ್ಯೆ ಹವಾಮಾನಕ್ಕೆ ಯಾಕೆ ಹೊಂದುತ್ತದೆ ಎಂದು ಮೊದಲು ಹೇಳಬೇಕು. ಒಂದು ಕೋಣೆಯ ಗಾಳಿಯಲ್ಲಿರುವ ಅಣುಗಳನ್ನು ಯಾರೂ ಒಂದೊಂದಾಗಿ ಹಿಂಬಾಲಿಸಲು ಆಗುವುದಿಲ್ಲ. ಆದರೂ ಗಾಳಿಯ ಒತ್ತಡ ಎಷ್ಟು, ಉಷ್ಣತೆ ಎಷ್ಟು ಎಂದು ಖಚಿತವಾಗಿ ಹೇಳಬಹುದು. ಯಾವ ಅಣು ಎಲ್ಲಿದೆ ಎಂಬುದು ಬೇಡ, ಎಷ್ಟು ಅಣುಗಳಿಗೆ ಎಷ್ಟು ವೇಗ ಇದೆ ಎಂಬ ಹಂಚಿಕೆ ಗೊತ್ತಿದ್ದರೆ ಸಾಕು. ಮಳೆಗೂ ಇದೇ ಮಾತು. ಮುಂದಿನ ವರ್ಷ ಆಗಸ್ಟ್ 16ಕ್ಕೆ ಎಷ್ಟು ಮಳೆ ಎಂದು ಯಾರೂ ಹೇಳಲಾರರು. ವಾತಾವರಣದಲ್ಲಿ ಸಣ್ಣ ವ್ಯತ್ಯಾಸವೂ ಬೆಳೆದು ದೊಡ್ಡದಾಗುತ್ತದೆ ಎಂದು ಎಡ್ವರ್ಡ್ ಲೊರೆನ್ಜ್ 1963ರಲ್ಲೇ ತೋರಿಸಿದ್ದಾರೆ. ದಿನದಿನದ ಮುನ್ಸೂಚನೆ ಎರಡು ವಾರ ದಾಟುವುದು ಕಷ್ಟ. ಆದರೆ ಆಗಸ್ಟ್‌ನಲ್ಲಿ ಎಂಟು ಇಂಚಿನ ದಿನ ಬರುವ ಸಾಧ್ಯತೆ ಎಷ್ಟು, ಅದು ಅಜ್ಜನ ಕಾಲಕ್ಕಿಂತ ಜಾಸ್ತಿಯಾಗಿದೆಯಾ? ಈ ಪ್ರಶ್ನೆಗೆ ಉತ್ತರ ಹುಡುಕಬಹುದು. ನಾನು ಮಾಡಿದ ಎಲ್ಲ ಕೆಲಸವೂ ಈ ಒಂದು ಪ್ರಶ್ನೆಯ ಸುತ್ತ.

ಮೊದಲ ಹಂತ ಬೇಸರದ್ದು, ಆದರೆ ಅತಿ ಮುಖ್ಯದ್ದು. ಪುಸ್ತಕದ ಅಂಕಿಗಳನ್ನು ಕಂಪ್ಯೂಟರ್‌ಗೆ ಹಾಕುವುದು. ಖಾಲಿ ಬಿಟ್ಟ ಜಾಗ ಎಂದರೆ ಮಳೆ ಇಲ್ಲ ಎಂದೋ, ಆ ದಿನ ಅಳೆಯಲಿಲ್ಲ ಎಂದೋ? ಎರಡೂ ಬೇರೆ ಬೇರೆ. ಕೆಲವು ವರ್ಷಗಳ ಪುಟಗಳಲ್ಲಿ ಭಾನುವಾರ ಮಳೆಯೇ ಇಲ್ಲ, ಸೋಮವಾರ ಮಾತ್ರ ಜೋರು. ಜುಲೈ ತಿಂಗಳ ಕೊಡಗಿನಲ್ಲಿ ಭಾನುವಾರಕ್ಕೆ ಅಂಥ ವಿಶೇಷ ಏನೂ ಇಲ್ಲ ಅಲ್ವಾ! ಭಾನುವಾರ ಅಳೆಯದೆ ಸೋಮವಾರ ಎರಡೂ ದಿನದ್ದನ್ನು ಸೇರಿಸಿ ಬರೆದಿದ್ದಾರೆ. ಇದನ್ನು ಗಮನಿಸದಿದ್ದರೆ ಇಲ್ಲದ ಭಾರೀ ಮಳೆಗಳು ಲೆಕ್ಕಕ್ಕೆ ಸೇರುತ್ತವೆ. ಅದಕ್ಕೇ ವಾರದ ಪ್ರತಿ ದಿನಕ್ಕೂ ಮಳೆ ದಿನಗಳ ಎಣಿಕೆ ಬೇರೆ ಬೇರೆ ಮಾಡಿದೆ. ಏಳೂ ದಿನ ಹೆಚ್ಚು ಕಡಿಮೆ ಸಮ ಇರುವ ವರ್ಷಗಳನ್ನು ದಿನದ ಲೆಕ್ಕಕ್ಕೆ ಇಟ್ಟುಕೊಂಡೆ. ಉಳಿದವನ್ನು ಎರಡು ದಿನ, ಮೂರು ದಿನಗಳ ಮೊತ್ತಕ್ಕೆ ಮಾತ್ರ ಬಳಸಿದೆ.

ಇನ್ನೊಂದು ವಿಷಯ ಮಾವನವರೇ ಹೇಳಿದ್ದು. ಹಳೆಯ ಮಾಪಕದ ಒಳಗಿನ ಪಾತ್ರೆ ತುಂಬಿದರೆ ನೀರು ಹೊರಗಿನ ಡಬ್ಬಕ್ಕೆ ಚೆಲ್ಲುತ್ತದೆ. ಅಳೆಯುವವರು ಅವಸರದಲ್ಲಿದ್ದರೆ ಆ ನೀರು ಲೆಕ್ಕಕ್ಕೆ ಬರುವುದಿಲ್ಲ.

"ನೋಡಮ್ಮ, ಆಶ್ಲೇಷ ಮಳೆ ಹಿಡಿದರೆ ನಾನು ರಾತ್ರಿ ಮಲಗೋ ಮುಂಚೆ ಒಂದು ಸಲ ಅಳೆದೇ ಮಲಗುತ್ತಿದ್ದೆ. ಬೆಳಗ್ಗೆ ಅದನ್ನೂ ಕೂಡಿಸಿ ಬರೆಯುತ್ತಿದ್ದೆ" ಎಂದರು.

"ಅಜ್ಜನೂ ಹಾಗೇ ಮಾಡುತ್ತಿದ್ದರಾ ಮಾವ?" ಎಂದು ಕೇಳಿದೆ.

"ನನಗೆ ಕಲಿಸಿದ್ದೇ ಅವರು."

ಈ ಮಾತು ನನಗೆ ಬಹಳ ಬೆಲೆಯುಳ್ಳದ್ದು. ಭಾರೀ ಮಳೆಯ ದಿನದ ಅಂಕಿಯೇ ತಪ್ಪಿದರೆ ಉಳಿದ ಲೆಕ್ಕವೆಲ್ಲ ವ್ಯರ್ಥ. ನೀವೂ ಇಂಥ ಕೆಲಸಕ್ಕೆ ಇಳಿದರೆ ಅಂಕಿಗಿಂತ ಮೊದಲು ಅಳೆದವರ ಜೊತೆ ಕೂತು ಮಾತಾಡಿ.

ಅಳತೆ ಬದಲಿಸುವುದು ಸುಲಭ. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಹವಾಮಾನ ಇಲಾಖೆ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಂದ ದಿನವನ್ನು ಮಳೆ ದಿನ ಎನ್ನುತ್ತದೆ. ನಮ್ಮ ಲೆಕ್ಕದಲ್ಲಿ ಅದು ಹತ್ತು ಸೆಂಟು. 204.4 ಮಿ.ಮೀ. ದಾಟಿದರೆ ಅತ್ಯಂತ ಭಾರೀ ಮಳೆ. ಅದು ಎಂಟು ಇಂಚಿಗಿಂತ ಒಂದು ಚೂರು ಮೇಲೆ.

ಮೊದಲು ನೋಡಿದ್ದು ಮಳೆ ದಿನ, ಒಣ ದಿನಗಳ ಸರಣಿ. ಪ್ರತಿ ದಿನಕ್ಕೂ ಎರಡೇ ಸ್ಥಿತಿ. ಮಳೆ ಇದೆ ಅಥವಾ ಇಲ್ಲ. ಭೌತಶಾಸ್ತ್ರ ಓದಿದವರಿಗೆ ತಕ್ಷಣ ಐಸಿಂಗ್ ಮಾದರಿ ನೆನಪಾಗುತ್ತದೆ. ಅಯಸ್ಕಾಂತದ ಒಳಗಿನ ಪುಟ್ಟ ಅಯಸ್ಕಾಂತಗಳು ಮೇಲೆ ಅಥವಾ ಕೆಳಗೆ ಮುಖ ಮಾಡಿರುತ್ತವೆ. ಪಕ್ಕದ್ದು ಯಾವ ಕಡೆ ಇದೆಯೋ ಆ ಕಡೆಗೇ ತಿರುಗುವ ಒಲವು ಪ್ರತಿಯೊಂದಕ್ಕೂ ಇರುತ್ತದೆ. ಮಳೆಗೂ ಆ ಒಲವು ಇದೆ. ಇಂದು ಮಳೆ ಬಂದರೆ ನಾಳೆಯೂ ಬರುವ ಸಾಧ್ಯತೆ ಜಾಸ್ತಿ. ಗೇಬ್ರಿಯಲ್ ಮತ್ತು ನಾಯ್ಮನ್ ಎಂಬಿಬ್ಬರು 1962ರಲ್ಲಿ ಟೆಲ್ ಅವೀವ್ ನಗರದ ಮಳೆಗೆ ಇಂಥ ಮಾದರಿ ಕೂರಿಸಿದ್ದರು. ಮಾಡುವ ವಿಧಾನ ಸರಳ. ಮಳೆಯ ಮರುದಿನ ಮಳೆ ಎಷ್ಟು ಸಲ, ಮಳೆಯ ಮರುದಿನ ಒಣ ದಿನ ಎಷ್ಟು ಸಲ, ಒಣ ದಿನದ ಮರುದಿನ ಮಳೆ ಎಷ್ಟು, ಒಣ ಎಷ್ಟು. ಈ ನಾಲ್ಕು ಎಣಿಕೆ ಸಾಕು.

ಮಡಿಕೇರಿ ಕಡೆ ಜುಲೈ–ಆಗಸ್ಟ್‌ಗೆ ಇದರಿಂದ ಪ್ರಯೋಜನ ಕಡಿಮೆ. ಎಲ್ಲ ದಿನವೂ ಮಳೆ ದಿನವೇ. ಆದರೆ ಕಾಫಿ ಕಣದಲ್ಲಿ ಒಣಗುವ ಡಿಸೆಂಬರ್‌ಗೆ, ಕಾಫಿ ಹೂ ಅರಳಿಸುವ ಮಳೆಗೆ ಕಾಯುವ ಫೆಬ್ರವರಿ–ಮಾರ್ಚ್‌ಗೆ ಇದು ತುಂಬ ಕೆಲಸಕ್ಕೆ ಬರುತ್ತದೆ. ಒಂದು ಅಂಶ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಮಳೆಯ ಮರುದಿನ ಮಳೆ ಬರುವ ಸಾಧ್ಯತೆ 0.8 ಇದ್ದರೆ, ಶುರುವಾದ ಮಳೆ ಸರಾಸರಿ 5 ದಿನ ಹಿಡಿಯುತ್ತದೆ. ಅದು 0.9 ಆದರೆ 10 ದಿನ. ದಿನಕ್ಕೆ ನೋಡಿದರೆ ಬದಲಾವಣೆ ಸಣ್ಣದು, ಹಿಡಿದ ಮಳೆಯ ಉದ್ದ ಮಾತ್ರ ದುಪ್ಪಟ್ಟು. ಕಣದಲ್ಲಿ ಕಾಫಿ ಹರಡಿದವರಿಗೆ ಇದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬಾಲದ ವಿಷಯ. ಎಲ್ಲ ದಿನಗಳ ಮಳೆಯನ್ನು ಒಂದು ನಕ್ಷೆಯಾಗಿ ಬರೆದರೆ ಎಡಗಡೆ ಸಣ್ಣ ಮಳೆಗಳ ದೊಡ್ಡ ಗುಂಪು. ಬಲಕ್ಕೆ ಹೋದಂತೆ ತೆಳ್ಳಗಾಗುತ್ತಾ ಉದ್ದಕ್ಕೆ ಚಾಚುವ ಬಾಲ. ಗುಡ್ಡ ಜಾರಿಸುವ, ಸೇತುವೆ ಕೊಚ್ಚುವ ಮಳೆಗಳೆಲ್ಲ ಆ ಬಾಲದಲ್ಲಿ ಇರುತ್ತವೆ. ಒಂದಿಷ್ಟು ಇಂಚಿಗಿಂತ ಹೆಚ್ಚು ಮಳೆ ಬಂದ ದಿನಗಳು ಎಷ್ಟು ಎಂದು ಎಣಿಸಿ, ಆ ಎಣಿಕೆಯ ಲಾಗರಿದಂ ತೆಗೆದು ಮಳೆಯ ಪ್ರಮಾಣದ ಎದುರು ಗುರುತು ಹಾಕಿದೆ. ಚುಕ್ಕೆಗಳು ನೇರ ಗೆರೆಯಲ್ಲಿ ಇಳಿದರೆ ಬಾಲ ಘಾತೀಯವಾಗಿ, ಅಂದರೆ ಪ್ರತಿ ಇಂಚಿಗೂ ಒಂದೇ ಪಟ್ಟು ಕಡಿಮೆಯಾಗುತ್ತಾ, ಕುಗ್ಗುತ್ತಿದೆ ಎಂದರ್ಥ. ಕೊನೆಯಲ್ಲಿ ಗೆರೆ ಮೇಲಕ್ಕೆ ಬಾಗಿದರೆ ಬಾಲ ದಪ್ಪ. ಅಂದರೆ ಅಪರೂಪದ ದೊಡ್ಡ ಮಳೆಗಳು ನಾವು ಅಂದುಕೊಂಡಷ್ಟು ಅಪರೂಪವಲ್ಲ.

ವಾತಾವರಣ ಬಿಸಿಯಾದರೆ ಬಾಲಕ್ಕೆ ಏನಾಗುತ್ತದೆ? ನೀರಿನ ಅಣು ದ್ರವದಿಂದ ತಪ್ಪಿಸಿಕೊಂಡು ಆವಿಯಾಗಲು ಇಂತಿಷ್ಟು ಶಕ್ತಿ ಬೇಕು. ಅಷ್ಟು ಶಕ್ತಿ ಇರುವ ಅಣುಗಳ ಪಾಲು ಉಷ್ಣತೆಯ ಜೊತೆ ಘಾತೀಯವಾಗಿ ಏರುತ್ತದೆ. ಇದು ಬೋಲ್ಟ್ಸ್‌ಮನ್ ಸೂತ್ರದ ಮಾತು. ಇದನ್ನೇ ನೀರು ಮತ್ತು ಅದರ ಆವಿಗೆ ಹಚ್ಚಿದರೆ ಬರುವುದು ಕ್ಲಾಸಿಯಸ್–ಕ್ಲಾಪಿರಾನ್ ಸಮೀಕರಣ. ಲೆಕ್ಕ ಹಾಕಿದರೆ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದಾಗ ಗಾಳಿ ಹಿಡಿದುಕೊಳ್ಳಬಲ್ಲ ಆವಿ ಶೇಕಡ 6ರಿಂದ 7ರಷ್ಟು ಹೆಚ್ಚುತ್ತದೆ. ಜೋರು ಮಳೆ ಸುರಿಯುವಾಗ ಸುತ್ತಲಿನ ಆವಿಯೆಲ್ಲ ಒಂದೆಡೆ ಸೇರಿ ಇಳಿಯುತ್ತದೆ. ಹಾಗಾಗಿ ಭಾರೀ ಮಳೆಯೂ ಹೆಚ್ಚು ಕಡಿಮೆ ಅದೇ ಪ್ರಮಾಣದಲ್ಲಿ ಏರುವ ನಿರೀಕ್ಷೆ ಇದೆ. ಆದರೆ ಇಡೀ ಭೂಮಿಯ ಒಟ್ಟು ಮಳೆ ಅಷ್ಟು ಏರುವುದಿಲ್ಲ. ಮಳೆಯಾಗುವಾಗ ಬಿಡುಗಡೆಯಾಗುವ ಶಾಖವನ್ನು ವಾತಾವರಣ ಹೊರಗೆ ಕಳುಹಿಸಬೇಕು. ಆ ಶಕ್ತಿಯ ಲೆಕ್ಕ ಒಟ್ಟು ಮಳೆಯ ಏರಿಕೆಯನ್ನು ಡಿಗ್ರಿಗೆ ಶೇಕಡ 1ರಿಂದ 3ರ ಒಳಗೆ ಕಟ್ಟಿಹಾಕುತ್ತದೆ. ಒಟ್ಟು ನಿಧಾನಕ್ಕೆ ಏರುತ್ತದೆ, ಬಾಲ ಬೇಗ ಉದ್ದವಾಗುತ್ತದೆ. ಹಾಗಿದ್ದರೆ ಕಡಿಮೆಯಾಗಬೇಕಾದ್ದು ಯಾವುದು? ನಡುವಿನ ಹದವಾದ ಮಳೆ. ನೆಲಕ್ಕೆ ಮೆಲ್ಲಗೆ ಇಳಿಯುವ ಮಳೆ ಅದೇ.

ಈ ಶೇಕಡ 7 ಎಂಬುದು ಕೇಳಲು ಸಣ್ಣದು. ಆದರೆ ಬಾಲದ ಮೇಲೆ ಅದರ ಪರಿಣಾಮ ಸಣ್ಣದಲ್ಲ. ಇದನ್ನು ನನ್ನ ವಿದ್ಯಾರ್ಥಿಗಳಿಂದ ಬೋರ್ಡ್ ಮೇಲೆ ಮಾಡಿಸುತ್ತೇನೆ. ಬಾಲ ಘಾತೀಯ ಎಂದುಕೊಳ್ಳಿ. ಎಲ್ಲ ಮಳೆಗಳನ್ನೂ ಶೇಕಡ 7ರಷ್ಟು ಹಿಗ್ಗಿಸಿ. ಮೊದಲು 20 ದಿನಕ್ಕೊಮ್ಮೆ ಬರುತ್ತಿದ್ದ ಮಳೆ ಈಗ ಸುಮಾರು 16 ದಿನಕ್ಕೊಮ್ಮೆ ಬರುತ್ತದೆ. ಅಷ್ಟೇನೂ ಗೊತ್ತಾಗುವುದಿಲ್ಲ. ಆದರೆ 3,000 ದಿನಕ್ಕೊಮ್ಮೆ ಬರುತ್ತಿದ್ದ ಮಳೆ ಸುಮಾರು 1,775 ದಿನಕ್ಕೊಮ್ಮೆ ಬರುತ್ತದೆ. ಮಳೆ ಅಪರೂಪದ್ದಾದಷ್ಟೂ ಅದರ ಸಾಧ್ಯತೆ ಜಾಸ್ತಿ ಪಟ್ಟು ಏರುತ್ತದೆ. ಹವಾಮಾನ ಬದಲಾವಣೆ ಎಂದರೆ ಸರಾಸರಿ ಒಂದಿಷ್ಟು ಏರುವುದು ಅಷ್ಟೇ ಎಂದು ತಿಳಿದವರಿಗೆ ನಾನು ಇದೊಂದೇ ಲೆಕ್ಕ ತೋರಿಸುತ್ತೇನೆ.

ಮಧ್ಯ ಭಾರತದಲ್ಲಿ ಹೀಗೆ ಆಗುತ್ತಿದೆ ಎಂದು ಗೋಸ್ವಾಮಿ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದ್ದರು. 1951ರಿಂದ 2000ದವರೆಗಿನ ದಾಖಲೆಯಲ್ಲಿ ಭಾರೀ ಮಳೆಯ ದಿನಗಳು ಏರಿದ್ದವು, ಹದ ಮಳೆಯ ದಿನಗಳು ಇಳಿದಿದ್ದವು, ಸರಾಸರಿಯಲ್ಲಿ ಗುರುತಿಸುವಂಥ ಬದಲಾವಣೆ ಇರಲಿಲ್ಲ. ನಮ್ಮ ಪಕ್ಕದ ವಯನಾಡಿನಲ್ಲಿ 2024ರ ಜುಲೈ 30ರಂದು ಗುಡ್ಡ ಜಾರಿತಲ್ಲ, ಆ ದಿನದ ಮಳೆಯ ತೀವ್ರತೆ ತಾಪ ಏರಿಕೆಯಿಂದ ಸುಮಾರು ಶೇಕಡ 10ರಷ್ಟು ಹೆಚ್ಚಿತ್ತು ಎಂದು ವಿಜ್ಞಾನಿಗಳ ತಂಡವೊಂದು ಅಂದಾಜು ಮಾಡಿತು. ಗುಡ್ಡಗಾಡಿನ ಮಳೆಯನ್ನು ಮಾದರಿಗಳು ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಈ ಅಂದಾಜಿನಲ್ಲಿ ಅನಿಶ್ಚಿತತೆ ಇದೆ ಎಂದೂ ಅವರೇ ಹೇಳಿದರು. ನಮ್ಮಂಥವರ ಪುಸ್ತಕಗಳಿಗೆ ಬೆಲೆ ಬರುವುದು ಇಲ್ಲೇ. ಹವಾಮಾನ ಇಲಾಖೆಯ ದಿನವಹಿ ಮಳೆ ದಾಖಲೆ 1901ರಿಂದ ಚೌಕ ಚೌಕವಾಗಿ ಸಿಗುತ್ತದೆ. ಒಂದು ಚೌಕ ಕಾಲು ಡಿಗ್ರಿ, ಅಂದರೆ ಹತ್ತಿರ ಹತ್ತಿರ 27 ಕಿ.ಮೀ. ಅಗಲ. ಇಡೀ ಕೊಡಗು ಐದಾರು ಚೌಕಗಳಲ್ಲಿ ಮುಗಿದುಹೋಗುತ್ತದೆ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಎಷ್ಟು ಅಂತರ ಇದೆ ಎಂದು ಇಲ್ಲಿಯವರಿಗೆ ಗೊತ್ತು. ಒಂದು ಬೆಟ್ಟದ ಆಚೆ ಈಚೆಗೇ ಮಳೆ ಬದಲಾಗುತ್ತದೆ. ಚೌಕದ ಸರಾಸರಿಯಲ್ಲಿ ಬಾಲ ಸವೆದುಹೋಗುತ್ತದೆ.

ಇಷ್ಟಾದ ಮೇಲೆ ಎದುರಾಗಿದ್ದು ನಿಜವಾದ ಕಷ್ಟ. ಮಳೆ ಹೇಗಿದ್ದರೂ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಕಂಡ ಬದಲಾವಣೆ ಆ ಏರಿಳಿತದ ಆಟವೋ, ನಿಜವಾದ ಬದಲಾವಣೆಯೋ? ಇಲ್ಲಿ ನನಗೆ ದಾರಿ ತೋರಿದ್ದು ಕ್ಲಾಸ್ ಹ್ಯಾಸಲ್‌ಮನ್ ಅವರ ಕೆಲಸ. 2021ರ ಭೌತಶಾಸ್ತ್ರ ನೊಬೆಲ್‌ನ ಅರ್ಧ ಭಾಗವನ್ನು ಸ್ಯುಕುರೊ ಮನಾಬೆ ಮತ್ತು ಹ್ಯಾಸಲ್‌ಮನ್ ಹಂಚಿಕೊಂಡರು. ಇನ್ನರ್ಧ ಜಾರ್ಜಿಯೊ ಪರೀಸಿ ಅವರಿಗೆ. ಹವಾಮಾನ ವಿಜ್ಞಾನಕ್ಕೂ ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್‌ಗೂ ಒಂದೇ ವೇದಿಕೆಯಲ್ಲಿ ಗೌರವ ಸಿಕ್ಕ ಆ ದಿನ ನನಗೆ ಮರೆಯಲಾಗದು.

ಹ್ಯಾಸಲ್‌ಮನ್ 1976ರಲ್ಲಿ ಹೇಳಿದ್ದು ಇದು. ನೀರಿನಲ್ಲಿ ತೇಲುವ ಸಣ್ಣ ಕಣ ಅಣುಗಳ ಹೊಡೆತದಿಂದ ಅತ್ತಿತ್ತ ಅಲೆಯುತ್ತದೆ. ಐನ್‌ಸ್ಟೈನ್ 1905ರಲ್ಲಿ ವಿವರಿಸಿದ ಬ್ರೌನಿಯನ್ ಚಲನೆ ಅದು. ಹವಾಮಾನದಲ್ಲಿ ದಿನದಿನದ ಗಾಳಿ ಮಳೆಗಳು ಆ ಅಣುಗಳ ಜಾಗದಲ್ಲಿವೆ. ಸಾಗರ ಆ ಕಣದ ಜಾಗದಲ್ಲಿದೆ. ನಾಳೆಗೆ ಮರೆತುಹೋಗುವ ಹೊಡೆತಗಳನ್ನು ಸಾಗರ ಕೂಡಿಸಿಟ್ಟುಕೊಂಡು ವರ್ಷಗಟ್ಟಲೆ ನಿಧಾನವಾಗಿ ಏರಿಳಿಯುತ್ತದೆ. ಹೊರಗಿನಿಂದ ಯಾರೂ ತಳ್ಳದಿದ್ದರೂ ಹತ್ತು ವರ್ಷ ಬಿಸಿ, ಹತ್ತು ವರ್ಷ ತಂಪು ಬರಬಹುದು. ಮನುಷ್ಯರಿಂದಾದ ತಾಪ ಏರಿಕೆಯನ್ನು ಗುರುತಿಸಬೇಕಾದರೆ ಈ ತಾನಾಗಿಯೇ ಆಗುವ ಅಲೆದಾಟ ಎಷ್ಟು ದೊಡ್ಡದು ಎಂದು ಮೊದಲು ಗೊತ್ತಿರಬೇಕು.

ನನ್ನ ಹತ್ತಿರ ಸಾಗರ ಇರಲಿಲ್ಲ. ತೋಟದ ಕೆಲಸಗಾರರ ಲೈನ್‌ಮನೆಗಳ ಹಿಂದೆ ಬಳಕೆ ಬಿಟ್ಟ ಹಳೆಯ ಬಾವಿ ಇತ್ತು. ಮೋಟಾರ್ ಇಲ್ಲ, ಯಾರೂ ಸೇದುವುದಿಲ್ಲ. ತೋಟದ ಕೆರೆ ಈ ಕೆಲಸಕ್ಕೆ ಆಗುವುದಿಲ್ಲ. ಫೆಬ್ರವರಿಯಲ್ಲಿ ಹೂವಿಗೆಂದು ಸ್ಪ್ರಿಂಕ್ಲರ್ ಹಾಕಿದರೆ ಕೆರೆಯ ಮಟ್ಟ ಮನುಷ್ಯರ ಕೈಯಲ್ಲಿರುತ್ತದೆ. ಬಾವಿ ಹಾಗಲ್ಲ. ಅದಕ್ಕೆ ಬೀಳುವುದು ಮಳೆಯ ಹೊಡೆತ ಮಾತ್ರ. ವಾರಕ್ಕೊಮ್ಮೆ ಹಗ್ಗ ಇಳಿಸಿ ನೀರಿನ ಮಟ್ಟ ಬರೆಯತೊಡಗಿದೆ. ಕಾಲೇಜಿಗೆ ಹೋಗುವ ದಿನಗಳಲ್ಲಿ ಲೈನ್‌ಮನೆಯ ಒಬ್ಬ ಹುಡುಗಿ ಅಳೆದು ಕೊಡುತ್ತಿದ್ದಳು. ಅವಳ ಅಂಕಿಗಳು ಬಹಳ ಅಚ್ಚುಕಟ್ಟು.

ಮಳೆ ಇಲ್ಲದ ಜನವರಿ, ಫೆಬ್ರವರಿಯಲ್ಲಿ ಬಾವಿ ಇಳಿಯುವ ವೇಗ ನೋಡಿದೆ. ಮೊದಲು ಬೇಗ, ಆಮೇಲೆ ನಿಧಾನ. ಇದರಿಂದ ಬಾವಿಯ ನೆನಪಿನ ಅವಧಿ ಸಿಗುತ್ತದೆ. ಬಂದ ನೀರಿನ ಪರಿಣಾಮ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಉಳಿಯುವಷ್ಟು ಕರಗಲು ಎಷ್ಟು ವಾರ ಬೇಕು ಎಂಬ ಲೆಕ್ಕ ಅದು. ಆಮೇಲೆ ಬೇರೆ ದಾರಿಯಿಂದ ಅದನ್ನೇ ಹುಡುಕಿದೆ. ಆಯಾ ವಾರದ ಸರಾಸರಿ ಮಟ್ಟವನ್ನು ಕಳೆದು, ಉಳಿದ ಏರಿಳಿತ ಒಂದು ವಾರದಿಂದ ಮುಂದಿನ ವಾರಕ್ಕೆ ಎಷ್ಟು ಸಾಗುತ್ತದೆ ಎಂದು ನೋಡಿದೆ. ವಾರದಿಂದ ವಾರಕ್ಕೆ ಶೇಕಡ 80 ಸಾಗಿದರೆ ನೆನಪಿನ ಅವಧಿ ನಾಲ್ಕೂವರೆ ವಾರ ಎಂದು ಸೂತ್ರ ಹೇಳುತ್ತದೆ. ಎರಡು ದಾರಿಗಳಿಂದ ಬಂದ ಉತ್ತರ ಹತ್ತಿರ ಹತ್ತಿರ ಇದ್ದವು.

ಇದು ನೋಡಲು ಸಣ್ಣ ವಿಷಯ. ಆದರೆ ನನಗೆ ಆ ಸಂಜೆ ಊಟ ರುಚಿಸಲಿಲ್ಲ, ಅಷ್ಟು ಖುಷಿ. ಲಾರ್ಸ್ ಆನ್ಸಾಗರ್ 1931ರಲ್ಲಿ ಹೇಳಿದ್ದು ಇದೇ. ಒಂದು ವ್ಯವಸ್ಥೆ ತಾನಾಗಿಯೇ ಏರಿಳಿದು ಸಮಸ್ಥಿತಿಗೆ ಮರಳುವ ರೀತಿಯೂ, ಹೊರಗಿನಿಂದ ಸ್ವಲ್ಪ ತಳ್ಳಿದಾಗ ಮರಳುವ ರೀತಿಯೂ ಒಂದೇ. ಮುಂದೆ ಇದು ಏರಿಳಿತ ಮತ್ತು ಪ್ರತಿಕ್ರಿಯೆಯ ನಂಟನ್ನು ಹೇಳುವ ದೊಡ್ಡ ಪ್ರಮೇಯವಾಗಿ ಬೆಳೆಯಿತು. 1975ರಲ್ಲಿ ಸೆಸಿಲ್ ಲೀತ್ ಇದನ್ನು ಹವಾಮಾನಕ್ಕೆ ಹಚ್ಚಿದರು. ಭೂಮಿಯ ಮೇಲೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಮಾಡಿ ಏನಾಗುತ್ತದೆ ಎಂದು ಪ್ರಯೋಗ ಮಾಡಿ ನೋಡಲು ಇನ್ನೊಂದು ಭೂಮಿ ಇಲ್ಲ. ಆದರೆ ಅದು ತಾನಾಗಿ ಹೇಗೆ ಏರಿಳಿಯುತ್ತಿದೆ ಎಂದು ಗಮನಿಸಿದರೆ, ತಳ್ಳಿದಾಗ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದರ ಸುಳಿವು ಸಿಗುತ್ತದೆ. ತಳ್ಳುವಿಕೆ ಜೋರಾದಷ್ಟೂ ಈ ಸುಳಿವಿನ ಭರವಸೆ ಕಡಿಮೆ, ಅದೂ ನಿಜ.

ನೆನಪು ಇರುವ ಸರಣಿಯಲ್ಲಿ ಇನ್ನೊಂದು ಎಚ್ಚರ ಬೇಕು. ಒಂದು ತಿಂಗಳ ಮಟ್ಟ ಮುಂದಿನ ತಿಂಗಳಿಗೆ ಶೇಕಡ 80 ಸಾಗುವ ಸರಣಿ ಇದ್ದರೆ, 90 ತಿಂಗಳ ಅಳತೆಯಲ್ಲಿ ಸ್ವತಂತ್ರ ಮಾಹಿತಿ 10 ಅಳತೆಯಷ್ಟು ಮಾತ್ರ. ಉಳಿದವು ಹಿಂದಿನದರ ಪ್ರತಿಧ್ವನಿ. ಇದನ್ನು ಲೆಕ್ಕಕ್ಕೆ ಹಿಡಿಯದೆ ಗೆರೆ ಎಳೆದರೆ ಎಲ್ಲೆಲ್ಲೂ ಏರಿಕೆ, ಇಳಿಕೆ ಕಾಣುತ್ತದೆ. ಇಂಥ ಸರಣಿಗಳ ಗಣಿತದಲ್ಲಿ ಯೂಲ್–ವಾಕರ್ ಸಮೀಕರಣ ಎಂದಿದೆ. ಆ ವಾಕರ್ ಎಂದರೆ ಗಿಲ್ಬರ್ಟ್ ವಾಕರ್. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದು, ಮುಂಗಾರಿನ ಮುನ್ಸೂಚನೆಗಾಗಿ ಜಗತ್ತಿನ ದಾಖಲೆಗಳನ್ನೆಲ್ಲ ಜಾಲಾಡಿದವರು. ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯಾಗುವುದು) ಜೊತೆ ಕೂಡಿ ಬರುವ ದಕ್ಷಿಣ ಆಂದೋಲನವನ್ನು, ಅಂದರೆ ಆ ಸಾಗರದ ಎರಡು ಬದಿಯ ಗಾಳಿಯ ಒತ್ತಡದ ತೂಗಾಟವನ್ನು, ಗುರುತಿಸಿದವರೂ ಅವರೇ. ನಮ್ಮ ಮುಂಗಾರೇ ಅವರಿಗೆ ಆ ಗಣಿತ ಕಲಿಸಿತು ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ನಮ್ಮ ಪುಸ್ತಕ ಏನು ಹೇಳಿತು? ಪರೀಕ್ಷೆ ಹೀಗೆ ಮಾಡಿದೆ. ಪ್ರತಿ ವರ್ಷದ ಅತಿ ದೊಡ್ಡ ಒಂದು ದಿನದ ಮಳೆ, ಅತಿ ದೊಡ್ಡ ಮೂರು ದಿನದ ಮೊತ್ತ, ವರ್ಷದ ಒಟ್ಟು ಮಳೆ, ಈ ಮೂರನ್ನೂ ಬೇರೆ ಬೇರೆ ಸಾಲಾಗಿ ಬರೆದೆ. ಪ್ರತಿ ಸಾಲಿಗೂ ಏರಿಕೆಯ ಗೆರೆ ಎಳೆದೆ. ಆಮೇಲೆ ವರ್ಷಗಳ ಕ್ರಮವನ್ನು ಕಂಪ್ಯೂಟರ್‌ನಲ್ಲಿ ಇಸ್ಪೀಟ್ ಎಲೆಗಳಂತೆ ಸಾವಿರಾರು ಸಲ ಕಲಸಿದೆ. ಕಲಸಿದ ಸಾಲುಗಳಲ್ಲಿ ಕಾಲದ ಕ್ರಮವೇ ಇಲ್ಲ. ಅಲ್ಲಿ ಕಾಣುವ ಏರಿಕೆಯೆಲ್ಲ ಬರೀ ಆಕಸ್ಮಿಕ. ನಿಜವಾದ ಸಾಲಿನ ಏರಿಕೆ ಆ ಆಕಸ್ಮಿಕಗಳ ಗುಂಪಿನಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ನೋಡಿದೆ. ಪಕ್ಕದ ವರ್ಷಗಳ ನಂಟು ಉಳಿಯಲಿ ಎಂದು ಎರಡು ಮೂರು ವರ್ಷಗಳ ಕಟ್ಟುಗಳಾಗಿಯೂ ಕಲಸಿ ನೋಡಿದೆ.

ವರ್ಷದ ಒಟ್ಟು ಮಳೆಯಲ್ಲಿ ಹೇಳುವಂಥ ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ಆಕಸ್ಮಿಕದ ಗುಂಪಿನ ನಡುವೆಯೇ ಇದೆ. ಒಂದು ದಿನದ ಗರಿಷ್ಠ ಮೇಲಕ್ಕೆ ವಾಲಿದೆ, ಆದರೆ ಅದನ್ನು ಆಕಸ್ಮಿಕ ಎನ್ನಲೂಬಹುದು. ಮೂರು ದಿನದ ಮೊತ್ತ ಮಾತ್ರ ಗುಂಪಿನ ಅಂಚಿಗೆ ಹೋಗಿ ನಿಂತಿತು. ಅದರಲ್ಲೂ 2018ರಿಂದ ಈಚೆಗಿನ ವರ್ಷಗಳ ತೂಕ ಜಾಸ್ತಿ. ಒಂದು ತೋಟದ ಪುಸ್ತಕದಿಂದ ಇದಕ್ಕಿಂತ ಹೆಚ್ಚು ಹೇಳಬಾರದು. ಆದರೆ ಭೌತಶಾಸ್ತ್ರ ಯಾವ ಕಡೆ ಬೆರಳು ತೋರಿಸುತ್ತದೋ ನಮ್ಮ ಪುಸ್ತಕವೂ ಆ ಕಡೆಗೇ ತೋರಿಸುತ್ತಿದೆ. ಗುಡ್ಡಗಳಿಗೆ ಮುಖ್ಯವಾದದ್ದೂ ಈ ಮೂರು ದಿನದ ಮೊತ್ತವೇ. ಜುಲೈ ಪೂರ್ತಿ ನೆನೆದ ಮಣ್ಣಿನ ಮೇಲೆ ಎಡೆಬಿಡದೆ ಮೂರು ದಿನ ಸುರಿದರೆ ಮಣ್ಣಿನೊಳಗಿನ ನೀರಿನ ಒತ್ತಡ ಏರಿ, ಮಣ್ಣನ್ನು ಹಿಡಿದಿಟ್ಟ ಬಲ ಕುಗ್ಗುತ್ತದೆ. ರಸ್ತೆಗೆ, ಮನೆಗೆ ಎಂದು ಬುಡ ಕಡಿದ ಗುಡ್ಡವಾದರೆ ಇನ್ನೂ ಬೇಗ ಜಾರುತ್ತದೆ. ಮಳೆಯನ್ನು ಮಾತ್ರ ದೂರುವುದು ನನಗೆ ಸರಿ ಕಾಣುವುದಿಲ್ಲ. ಕಡಿದ ಗುಡ್ಡಕ್ಕೆ ಉತ್ತರ ಹೇಳಬೇಕಾದವರು ನಾವು.

ಭೂಕುಸಿತಕ್ಕೆ ಮರಳು ರಾಶಿಯ ಮಾದರಿ ಹಚ್ಚಬಹುದಲ್ಲ ಎಂದು ಒಬ್ಬ ವಿದ್ಯಾರ್ಥಿ ಕೇಳಿದ್ದ. ಒಂದೊಂದೇ ಕಾಳು ಮರಳು ಹಾಕುತ್ತಾ ಹೋದರೆ ರಾಶಿ ಆಗಾಗ ಸಣ್ಣದಾಗಿಯೋ ದೊಡ್ಡದಾಗಿಯೋ ಜಾರುತ್ತದೆ ಎನ್ನುವ, 1987ರಲ್ಲಿ ಪರ್ ಬಾಕ್ ಮತ್ತು ಸಂಗಡಿಗರು ಕೊಟ್ಟ ಸೊಗಸಾದ ಮಾದರಿ ಅದು. ಒಂದು ಪ್ರದೇಶದಲ್ಲಿ ಸಣ್ಣ ಕುಸಿತ ಎಷ್ಟು, ದೊಡ್ಡ ಕುಸಿತ ಎಷ್ಟು ಎಂಬ ಹಂಚಿಕೆಗೆ ಅದರಿಂದ ಒಳನೋಟ ಸಿಗುತ್ತದೆ. ಆದರೆ ನಿಮ್ಮ ಮನೆ ಹಿಂದಿನ ಬರೆ (ಗುಡ್ಡದ ಕಡಿದಾದ ಮಣ್ಣಿನ ಗೋಡೆ) ಜಾರುತ್ತದಾ ಎಂದು ಅದು ಹೇಳುವುದಿಲ್ಲ. ಅದಕ್ಕೆ ಭೂಗರ್ಭ ತಿಳಿದವರೇ ಬಂದು ನೋಡಬೇಕು.

ಮುಂಗಾರು ಯಾವಾಗ ಹಿಡಿಯುತ್ತದೆ ಎಂಬ ಪ್ರಶ್ನೆಯಲ್ಲಿ ಈ ವಿದ್ಯೆ ಇನ್ನೂ ಮುಂದೆ ಹೋಗಿದೆ. ಒಂದು ವ್ಯವಸ್ಥೆ ದೊಡ್ಡ ಬದಲಾವಣೆಯ ಅಂಚಿಗೆ ಹತ್ತಿರವಾದಂತೆ ಅದರ ಏರಿಳಿತಗಳು ಹಿಗ್ಗಬಹುದು. ಹಾಗೆಯೇ ಮುಂಗಾರು ಹಿಡಿಯುವ ಮುಂಚೆ ಕೆಲವು ಜಾಗಗಳಲ್ಲಿ ಉಷ್ಣತೆ, ತೇವಾಂಶಗಳ ಏರಿಳಿತ ಹಿಗ್ಗುತ್ತದೆ. ಜರ್ಮನಿಯ ಪಾಟ್ಸ್‌ಡ್ಯಾಮ್ ಸಂಸ್ಥೆಯ ಎಲೆನಾ ಸುರೊವ್ಯಾಟ್ಕಿನಾ ಮತ್ತು ಸಂಗಡಿಗರು ಪೂರ್ವಘಟ್ಟ ಮತ್ತು ಉತ್ತರ ಪಾಕಿಸ್ತಾನದಲ್ಲಿ ಅಂಥ ಆಯಕಟ್ಟಿನ ಜಾಗಗಳನ್ನು ಗುರುತಿಸಿದರು. ಮುಂಗಾರಿನ ಆರಂಭವನ್ನು ಸುಮಾರು 40 ದಿನ ಮೊದಲು, ಹಿಂದೆ ಸರಿಯುವುದನ್ನು ಸುಮಾರು 70 ದಿನ ಮೊದಲು ಹೇಳಬಹುದು ಎಂದು 2016ರಲ್ಲಿ ಪ್ರಕಟಿಸಿದರು. ನಾನೂ ಮೇ ತಿಂಗಳಲ್ಲಿ ಮನೆಯ ತೇವಾಂಶ ಮಾಪಕದ ಅಂಕಿ ಬರೆಯುತ್ತೇನೆ. ಒಂದೇ ಜಾಗದ ಅಂಕಿಯಿಂದ ಮುನ್ಸೂಚನೆ ಆಗುವುದಿಲ್ಲ. ಆ ಹಿಗ್ಗುವಿಕೆ ಹೇಗಿರುತ್ತದೆ ಎಂದು ಮಕ್ಕಳಿಗೆ ತೋರಿಸಲು ಸಾಕು.

ಈಗ ನೆರೆಹೊರೆಯವರು ಬಂದು ಕೇಳಿದರೆ ನಾನು ಕೊಡುವ ಉತ್ತರ ಬದಲಾಗಿದೆ. "ನೂರು ವರ್ಷಕ್ಕೊಮ್ಮೆ ಬರೋ ಮಳೆ ಬಂದು ಹೋಯಿತಲ್ಲ, ಇನ್ನು ನಮ್ಮ ಕಾಲಕ್ಕೆ ಭಯ ಇಲ್ಲ ಅಲ್ವಾ?" ಎಂದು ಕೇಳುತ್ತಾರೆ. ನೂರು ವರ್ಷಕ್ಕೊಮ್ಮೆ ಎಂದರೆ ಪ್ರತಿ ವರ್ಷವೂ ಶೇಕಡ 1 ಸಾಧ್ಯತೆ. ಹೋದ ವರ್ಷ ಬಂದಿತ್ತು ಎಂದು ಈ ವರ್ಷ ಬರದೆ ಇರುವುದಿಲ್ಲ. 30 ವರ್ಷ ಬಾಳುವ ಮನೆ ಕಟ್ಟಿದರೆ, ಆ ಅವಧಿಯಲ್ಲಿ ಅಂಥ ಮಳೆ ಒಮ್ಮೆಯಾದರೂ ಬರುವ ಸಾಧ್ಯತೆ ಶೇಕಡ 26. ಅದೂ ಹವಾಮಾನ ಬದಲಾಗದೆ ಇದ್ದರೆ. ಬಾಲ ಉದ್ದವಾಗುತ್ತಿದ್ದರೆ ಅದಕ್ಕಿಂತ ಜಾಸ್ತಿ. ಹಾಗಾಗಿ ತೋಟದ ಚರಂಡಿ, ಮೋರಿ ಮಾಡಿಸುವವರಿಗೆ ನಾನು ಹೇಳುವುದು, ಅಜ್ಜನ ಕಾಲದ ಅಳತೆಯಲ್ಲಿ ಮಾಡಿಸಬೇಡಿ. ಬರೆಯ ಕೆಳಗೆ ಮನೆ ಇದ್ದವರಿಗೆ ಹೇಳುವುದು, ಒಂದು ದಿನದ ಮಳೆ ನೋಡಿ ಸುಮ್ಮನಾಗಬೇಡಿ, ಮೂರು ದಿನದ್ದನ್ನು ಕೂಡಿಸುತ್ತಾ ಹೋಗಿ. ನಿಮ್ಮ ಪುಸ್ತಕದಲ್ಲಿ ಹಿಂದೆಂದೂ ಕಾಣದ ಮೊತ್ತದ ಹತ್ತಿರ ಬಂದರೆ, ಅಧಿಕಾರಿಗಳು ಹೇಳುವ ಮೊದಲೇ ನೆಂಟರ ಮನೆಗೆ ಹೋಗಿಬಿಡಿ.

ಸದ್ಯ ಸುತ್ತಲಿನ ಕೆಲವು ತೋಟಗಳ ಪುಸ್ತಕಗಳನ್ನು ಸೇರಿಸುತ್ತಿದ್ದೇನೆ. ಪ್ರತಿ ತೋಟದ ಮಳೆಯನ್ನು ಅದರದೇ ಸರಾಸರಿಯಿಂದ ಭಾಗಿಸಿದರೆ ನಾಪೋಕ್ಲು ಕಡೆಯದನ್ನೂ ಸಿದ್ದಾಪುರ ಕಡೆಯದನ್ನೂ ಒಟ್ಟಿಗೆ ಇಡಬಹುದು. ಬಾಲದಲ್ಲಿ ಚುಕ್ಕೆಗಳು ಹೆಚ್ಚುತ್ತವೆ. ಒಂದೇ ಮಳೆ ಹತ್ತು ತೋಟಗಳ ಮೇಲೂ ಸುರಿದಿದ್ದರೆ ಅದನ್ನು ಹತ್ತು ಮಳೆ ಎಂದು ಎಣಿಸಬಾರದು, ಆ ಎಚ್ಚರ ಇರಬೇಕು. ನಿಮ್ಮ ಮನೆಯ ಅಟ್ಟದಲ್ಲಿ ಇಂಥ ಪುಸ್ತಕ ಇದ್ದರೆ ಗೆದ್ದಲು ಹಿಡಿಯುವ ಮೊದಲು ಪ್ರತಿ ಪುಟದ ಫೋಟೊ ತೆಗೆದಿಡಿ. ಮಾಪಕ ಯಾವ ಜಾಗದಲ್ಲಿತ್ತು, ಯಾವ ವರ್ಷ ಜಾಗ ಬದಲಿಸಿದರು, ಪಕ್ಕದಲ್ಲಿ ಸಿಲ್ವರ್ ಓಕ್ ಬೆಳೆದು ಮಳೆಗೆ ಅಡ್ಡ ಬಂತಾ, ಬೆಳಗ್ಗೆ ಎಷ್ಟು ಹೊತ್ತಿಗೆ ಅಳೆಯುತ್ತಿದ್ದರು, ಭಾನುವಾರ ಅಳೆಯುತ್ತಿದ್ದರಾ. ಇದನ್ನೆಲ್ಲ ಬಲ್ಲ ಹಿರಿಯರು ಇರುವಾಗಲೇ ಕೇಳಿ, ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.